ಬಿಲ್ಲಿನ ಹಿಂದಿನ ಖಾಲಿ ಚೀಟಿಯ ಮಹಾಸಮರ

ಕಲಿಯುಗದೊಳಗಣ ಪ್ರಮಾಣಪತ್ರಯುಗದಲ್ಲಿ, ಗೋಡೆಯ ಮೇಲೆ ಫಲಕವಿಲ್ಲದವನನ್ನು ಮನುಷ್ಯಕೋಟಿಯಿಂದಲೇ ಕೈಬಿಡುತ್ತಿದ್ದ ಘನಘೋರ ಕಾಲದಲ್ಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಧರಿತ್ರಿಯೇ ನಡುಗುವಂಥ ಪ್ರಸಂಗವೊಂದು ಒದಗಿತು. ಸಪ್ತಸಾಗರಗಳೂ ಕ್ಷಣಕಾಲ ಸುಮ್ಮನಿದ್ದು ಆಲಿಸಲಿ: ಗುರುಸಿದ್ದಪ್ಪನ ಖಾನಾವಳಿಯಲ್ಲಿ ಯಂತ್ರದಿಂದ ಪ್ರತಿ ಬಿಲ್ಲಿನ ಹಿಂದೆಯೂ ಒಂದು ಖಾಲಿ ಚೀಟಿ ಬರುತ್ತಿತ್ತು.

ಆ ಬಿಲ್ಲಿನ ಸಾಫ್ಟ್‌ವೇರ್ ರಚಿಸಿದ ಕಂಪನಿಗೆ ಗುರುಸಿದ್ದಪ್ಪನೇ ಆದ್ಯ ಗ್ರಾಹಕ. ಎರಡು ವರ್ಷದಿಂದ ದೂರುತ್ತಿದ್ದವನು ಕಡೆಗೆ ಫೋನಿನಲ್ಲಿ ಹೇಳಿದ: “ದೀಪಾವಳಿತನಕ ನೋಡ್ತೇನ್ರಿ. ಆಮ್ಯಾಲೆ ನಿಮ್ಮ ಡಬ್ಬಿ ನೀವ ಒಯ್ರಿ. ಹೋಟೆಲ್ ಸಂಘದವ್ರೂ ನನ್ನ ಹಿಂದ ಬರ್ತಾರ.” ಸಂಘ ಹೋದರೆ ಕಂಪನಿಗೆ ಉಳಿಯುವುದು ಬಾಡಿಗೆ ಕಟ್ಟಡದ ಮೆಟ್ಟಿಲು ಮಾತ್ರ.

ಕಂಪನಿಯ ಸಭೆಯಲ್ಲಿ ಪ್ರೋಗ್ರಾಮರ್ ಶೈಲಜಾ ಮುದಗಲ್ ಎದ್ದಳು. “ಅರ್ಧ ದಿನದ ಕೆಲಸ ಐತ್ರಿ ಸರ್. ಮಾಡಿಬಿಡ್ಲೇನು?”

ಆಗ ಚಾರ್ಟ್‌ಕೋದಂಡಪಾಣಿಯೂ ಕಡತಾರಣ್ಯಕೇಸರಿಯೂ ಸಭಾವಿಲಂಬನವಿಶಾರದನೂ ಆದ ಗುಣಮಟ್ಟ ವಿಭಾಗದ ಮುಖ್ಯಸ್ಥ ವಾದಿರಾಜ ಗಲಗಲಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗರ್ಜಿಸಿದ: “ಏನವಾ ಶೈಲಜಾ, ಚೀಟಿ ಚೀಟಿ ಅಂತ ಹಚ್ಚಿಬಿಟ್ಟಿ? ಗುಣಮಟ್ಟ ಪ್ರಶಸ್ತಿಗೆ ಅರ್ಜಿ ಹಾಕೇವಿ. ಅದೊಂದು ಬರ್ಲಿ, ಗಿರಾಕಿಗಳು ಸಾಲು ಹಚ್ಚಿ ನಿಂದರ್ತಾರ. ಈ ಕೈ ನೋಡು. ಈ ಕೈಲೇ ಮುನ್ನೂರು ಸ್ಲೈಡ್ ಮಾಡೇನಿ.”

ಅಂದಿನಿಂದ ಸಾಫ್ಟ್‌ವೇರ್ ಬರೆಯುವುದು ನಿಂತಿತು. ಸಕಲರೂ ಕಂಪನಿಯ ಗುಣಮಟ್ಟ ನೀತಿಯನ್ನು ಬಾಯಿಪಾಠ ಮಾಡತಕ್ಕದ್ದೆಂದು ಆಜ್ಞೆ ಹೊರಟಿತು. ಮರೆಗುಳಿಗಳ ಹಿತಕ್ಕಾಗಿ ಅದನ್ನು ಐಡಿ ಕಾರ್ಡಿನ ಬೆನ್ನಿಗೂ ಅಂಟಿಸಲಾಯಿತು. ಚಹಾ ತರುವ ಮಾಬೂಸಾಬ ಕೆಟಲಿಯನ್ನು ಕೆಳಗಿಡದೆ ‘ಗ್ರಾಹಕರ ನಿರಂತರ ಆನಂದವೇ ನಮ್ಮ ಧ್ಯೇಯ’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ ಕೇಳಿದ: “ಸಾಹೇಬ್ರ, ಇದರಾಗ ಗ್ರಾಹಕ ಅಂದ್ರ ಯಾರ್ರಿ?”

“ಅದನ್ನ ಕೇಳೂದಿಲ್ಲೋ. ಮುಂದಿಂದು ಹೇಳು.”

ಕಡೆಗೆ ಬೆಂಗಳೂರಿನಿಂದ ಪ್ರಶಸ್ತಿಯ ಹಿರಿಯ ಪರೀಕ್ಷಕಿಯೊಬ್ಬರು ಬಂದರು. ನೀತಿಯ ಬಗ್ಗೆ ಯಾರನ್ನೂ ಕೇಳಲಿಲ್ಲ. ಸ್ಲೈಡುಗಳು ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಗಡಿಯಾರ ನೋಡಿದರು. “ಹೊಟ್ಟೆ ಹಸೀತಿದೆ. ನಿಮ್ಮ ಮೊದಲ ಗ್ರಾಹಕರದ್ದು ಖಾನಾವಳಿ ಅಂದ್ರಲ್ಲ, ಅಲ್ಲೇ ಹೋಗೋಣ.”

ವಾದಿರಾಜನೂ ಶೈಲಜಾಳೂ ಜೊತೆಗೆ ಹೊರಟರು. ರೊಟ್ಟಿ, ಎಣ್ಣೆಗಾಯಿ, ಮಜ್ಜಿಗೆ ಮುಗಿದವು. ಬಿಲ್ಲು ಬಂತು. ಅದರ ಬೆನ್ನಿಗೇ, ಮಹಾರಾಜನ ಹಿಂದಿನ ಮೂಕ ಸೇವಕನಂತೆ, ಖಾಲಿ ಚೀಟಿಯೂ ಬಂತು.

“ಇದೇನು?”

“ಅದು ಇವ್ರ ಉಡುಗೊರಿ ರೀ,” ಎಂದ ಗುರುಸಿದ್ದಪ್ಪ. “ಎಣ್ಣಿ ಕೈ ಒರಸ್ಕೊಳ್ಳಾಕ ಚಲೋ ಆಗ್ತೈತಿ.”

ವಾದಿರಾಜ ಎದ್ದುನಿಂತು ಗುಣಮಟ್ಟ ನೀತಿಯನ್ನು ಆದ್ಯಂತವಾಗಿ ಒಪ್ಪಿಸಿದ. ಪಕ್ಕದ ಮೇಜಿನವರು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು.

ಪರೀಕ್ಷಕಿ ಶೈಲಜಾಳ ಕಡೆ ತಿರುಗಿದರು. “ಸರಿ ಮಾಡೋಕೆ ಎಷ್ಟು ಹೊತ್ತು ಬೇಕಮ್ಮ?”

“ಅರ್ಧ ದಿನ ರೀ ಮೇಡಂ.”

ಅವರು ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು.

ಅವರು ಮತ್ತೆ ಬಂದಾರೆಂಬ ಭೀತಿಯಿಂದ ಮಾರನೆಯ ಬೆಳಿಗ್ಗೆಯೇ ಶೈಲಜಾಳಿಗೆ ಅಪ್ಪಣೆಯಾಯಿತು. ಊಟದ ಹೊತ್ತಿಗೆ ಕೆಲಸ ಮುಗಿಯಿತು. ಪ್ರಶಸ್ತಿ ಬೇರೆ ಯಾರಿಗೋ ಹೋಯಿತು. ಎದೆಗುಂದದ ವಾದಿರಾಜ ‘ಸ್ಪರ್ಧಿಸಿದ್ದರಿಂದ ಕಂಪನಿಗಾದ ಲಾಭಗಳು’ ಎಂದು ನಲವತ್ತು ಸ್ಲೈಡ್ ಮಾಡಿದ. ಲಾಭ ಒಂದೇ ಇದ್ದುದರಿಂದ ಅಕ್ಷರಗಳನ್ನು ಸಾಕಷ್ಟು ದೊಡ್ಡದು ಮಾಡಬೇಕಾಯಿತು.

ದೀಪಾವಳಿ ಕಳೆಯಿತು. ಗುರುಸಿದ್ದಪ್ಪ ಸಾಫ್ಟ್‌ವೇರ್ ಬದಲಾಯಿಸಲಿಲ್ಲ. ಖಾನಾವಳಿಯಲ್ಲಿ ಈಗ ಬಿಲ್ಲು ಒಂದೇ ಬರುತ್ತದೆ. ಗಿರಾಕಿಗಳು ಕೈಯನ್ನು ಅದಕ್ಕೇ ಒರೆಸುತ್ತಾರೆ.