ಚಕ್ರವರ್ತಿಯ ಹೊಸ್ತಿಲಾಚೆ ನನ್ನ ಬೂಟು

…ಅಥವಾ ಅದು ಕಂಚಿನ ಕೊಕ್ಕರೆಯಲ್ಲ, ಜಿಂಕೆಯೇ ಇದ್ದೀತು. ಆಮ್ಸ್ಟೆಲ್‌ವೀನ್‌ನ ನಮ್ಮ ಮನೆಗೆ ಬಂದವರಿಗೆ ಬೀಜಿಂಗ್ ಅರಮನೆಯ ಕಥೆ ಹೇಳುವಾಗಲೆಲ್ಲ ಹೆಂಡತಿ ಸುನಂದಾ ಜಿಂಕೆ ಎಂದು ತಿದ್ದುತ್ತಾಳೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಒಂದು ಪ್ರಾಣಿಯಂತೂ ಇತ್ತು.

ಅಂದು ಸಂಜೆಯೇ ಆಮ್ಸ್ಟರ್‌ಡ್ಯಾಮಿಗೆ ವಿಮಾನ. ನೆದರ್ಲೆಂಡ್ಸ್‌ನ ವಾಸದ ಪರವಾನಗಿ ಕಾರ್ಡ್ ಇಲ್ಲದಿದ್ದರೆ ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ. ಜೇಬುಗಳ್ಳರನ್ನು ಸೋಲಿಸಲು ಅದನ್ನು ಬಲಗಾಲಿನ ಬೂಟಿನೊಳಗಿನ ಮೆತ್ತೆಯ ಕೆಳಗೆ ಅಡಗಿಸಿದ್ದೆ. ಇಂಥ ದೂರದೃಷ್ಟಿ ಎಲ್ಲರಿಗೂ ಬರುವುದಿಲ್ಲ!

ಸುನಂದಾ ಮುಂದೆ ಹೋಗಿದ್ದಳು, ಹನ್ನೆರಡರ ಮಗಳು ಇರಾ ಫೋನ್ ಹಿಡಿದು ನನ್ನ ಹಿಂದೆ ಬರುತ್ತಿದ್ದಳು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟು ಹಳದಿ ಹೆಂಚಿನ ಮಾಡುಗಳ ಹಿಂದೆ ಬಿದ್ದಿದ್ದೆ. ಒಂದು ಸಣ್ಣ ಅರಮನೆಯ ಒಳಗೆ ಬಿಡುತ್ತಿದ್ದರು. ಅಂಗಳದಲ್ಲಿ ಧೂಪದ ಪಾತ್ರೆ, ಎತ್ತರದ ಕೆಂಪು ಹೊಸ್ತಿಲು, ಆಚೆ ತಂಪು ಕತ್ತಲೆ. ಕಾಲುಗಳು ತಾವಾಗಿಯೇ ಬೂಟು ಕಳಚಿದವು. ಹುಬ್ಬಳ್ಳಿಯ ಗುಡಿಗಳಲ್ಲಿ ಕಲಿತ ಉಪಾಯದಂತೆ ಒಂದನ್ನು ಆ ಕಂಚಿನ ಪ್ರಾಣಿಯ ಬಳಿ, ಇನ್ನೊಂದನ್ನು ದೂರದ ಕಂಬದ ಹಿಂದೆ ಬಿಟ್ಟೆ. ಒಂಟಿ ಬೂಟನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ.

ಹೊರಬೀಳುವ ಬಾಗಿಲು ಬೇರೆ ಕಡೆಗಿತ್ತು. ಎರಡು ಅಂಗಳ ದಾಟಿದ ಮೇಲೆ ಅಂಗಾಲಿಗೆ ಕಲ್ಲು ತಣ್ಣಗೆ ತಗುಲಿತು.

"ಬೂಟ್ ಎಲ್ಲಿ ಬಿಟ್ರಿ?" ಸುನಂದಾ ಕೇಳಿದಳು.

"ಹೊರಗ."

"ಯಾವ ಹೊರಗ? ಕಾರ್ಡ್ ಅದರಾಗ ಐತೇನ್ರಿ?"

ನಾನು ಬಲಗಾಲಿನ ಕಾಲುಚೀಲ ನೋಡಿಕೊಂಡೆ. ಅವಳಿಗೆ ಅಷ್ಟೇ ಸಾಕಾಯಿತು.

ಜನಪ್ರವಾಹದ ಎದುರು ಓಡಿದೆವು. ಕಾವಲುಗಾರ ತಡೆದ. ಜಾಗ ತೋರಿಸಲು ಕ್ಯಾಮೆರಾ ತೆರೆದೆ. ಮಾಡು, ಮಾಡು, ಮಾಡಿನ ತುದಿ. ನನ್ನ ಕಲಾದೃಷ್ಟಿ ನೆಲವನ್ನು ಸಂಪೂರ್ಣ ತಿರಸ್ಕರಿಸಿತ್ತು!

ಇರಾ ತನ್ನ ಫೋನ್ ಚಾಚಿದಳು. ಕಾಲುಚೀಲದಲ್ಲಿ ಹೊಸ್ತಿಲು ದಾಟುತ್ತಿರುವ ನಾನು, ಹಿಂದಿನಿಂದ. ಗೆಳತಿಯರಿಗೆ ಕಳಿಸಲು ತೆಗೆದದ್ದಂತೆ.

"ಆಗ್ಲೇ ಯಾಕ ಹೇಳಲಿಲ್ಲ?"

"ಪಪ್ಪಾ, ಐ ಥಾಟ್ ಇಟ್ ವಾಸ್ ಅ ಪೂಜಾ ಥಿಂಗ್."

ಚಿತ್ರ ನೋಡಿದ ಕಾವಲುಗಾರ ನನ್ನ ಪಾದಗಳನ್ನೂ ನೋಡಿ, ಗಂಭೀರವಾಗಿ ದಾರಿ ಬಿಟ್ಟ.

ಎರಡೂ ಬೂಟುಗಳು ಆ ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಅಕ್ಕಪಕ್ಕ, ಹಾಕಿಕೊಳ್ಳಲು ಅನುಕೂಲವಾಗುವಂತೆ, ತುದಿ ಹೊರಗೆ ಮಾಡಿ ಕೂತಿದ್ದವು. ಕಾರ್ಡ್ ಒಳಗೇ ಇತ್ತು, ತುಸು ಬೆಚ್ಚಗೆ. ನಾನು ಮೆಟ್ಟಿಲ ಮೇಲೆಯೇ ಕುಳಿತು ಬೂಟು ಹಾಕಿಕೊಂಡೆ. ಸುನಂದಾ ಮೊದಲು ನಿಟ್ಟುಸಿರು ಬಿಟ್ಟಳು, ಆಮೇಲೆ ನಗತೊಡಗಿದಳು. ಅದಿನ್ನೂ ನಿಂತಿಲ್ಲ.

ಅಷ್ಟು ಜಾಣತನದಿಂದ ಬೇರ್ಪಡಿಸಿದ್ದ ಜೋಡಿಯನ್ನು ಹುಡುಕಿ ಒಂದುಗೂಡಿಸಿದವರು ಯಾರು? ವಾಪಸ್ ಹೋಗುವಾಗ ಕಾವಲುಗಾರನನ್ನು ಸನ್ನೆಯಲ್ಲಿ ಕೇಳಿದೆ. ತಾನಲ್ಲ ಎಂದು ತಲೆಯಾಡಿಸಿದ. ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.