ಎರಡು ಬೀಗದ ಕಪಾಟಿಗೆ ಒಂದು ಮನವಿ

ಮಾನ್ಯ ಕಪಾಟಿನವರೇ,

ಅಕ್ಕಿಆಲೂರಿನ ನಮ್ಮ ಮನೆಯವರೆಲ್ಲರ ನಮಸ್ಕಾರಗಳನ್ನು ತಮ್ಮ ನಾಲ್ಕೂ ಕಬ್ಬಿಣದ ಕಾಲುಗಳಿಗೆ ಸಲ್ಲಿಸಿ ಬರೆದುಕೊಳ್ಳುವುದೇನೆಂದರೆ, ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲಿ ತಾವು ಎರಡು ಬೀಗ ಧರಿಸಿ ನಿಂತ ಗಾಂಭೀರ್ಯವನ್ನು ಕಂಡ ಮೇಲೆಯೇ, ವಿದ್ಯೆ ಎಂಬುದು ಇಷ್ಟು ಗಟ್ಟಿಯಾದ ವಸ್ತು ಎಂದು ನನಗೆ ತಿಳಿಯಿತು.

ಸಂಗತಿ ಇಷ್ಟು. ಈ ಮುಂಗಾರಿನಲ್ಲಿ ನಮ್ಮ ಭತ್ತದ ಸಸಿಮಡಿ ಹಳದಿಗಟ್ಟಿ, ಎಲೆಗಳ ಮೇಲೆ ತುಕ್ಕಿನಂಥ ಚುಕ್ಕೆಗಳು ಎದ್ದವು. ಸಸಿ ಸತ್ತರೆ ಈ ವರ್ಷ ನಾಟಿಯೇ ಇಲ್ಲ. ನಮ್ಮ ಪುಣ್ಯಕ್ಕೆ ಒಬ್ಬರಲ್ಲ, ತಮ್ಮ ವಿಭಾಗದ ಇಬ್ಬರು ಪ್ರಾಧ್ಯಾಪಕರು ಬಂದರು. ಸೋಮವಾರ ಮಹಾಂತೇಶ ಸರ್ ಬಂದು ಮಣ್ಣು ಒಯ್ದರು. ಮಂಗಳವಾರ ಅವರ ಎದುರು ಕೋಣೆಯ ಸುಜಾತಾ ಮೇಡಂ ಬಂದು ಎಲೆ ಒಯ್ದರು. ಇಬ್ಬರೂ ಒಂದೇ ಜೀಪಿನಲ್ಲಿ ಬರಬಹುದಿತ್ತಲ್ಲ ಎಂದು ಕೇಳುವಷ್ಟು ಓದು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

"ನಾ ಬಂದಿದ್ದು ಮ್ಯಾಡಮ್ಮಾರಿಗೆ ಹೇಳಬ್ಯಾಡ್ರಿ" ಎಂದು ಸರ್ ಎಚ್ಚರಿಸಿ ಹೋಗಿದ್ದರು. ನಮ್ಮ ಓಣಿಯಲ್ಲಿ ಹೇಳಬೇಡ ಎಂದದ್ದನ್ನೇ ಮೊದಲು ಹೇಳುವುದು ರೂಢಿ. ನಮ್ಮ ಅವ್ವ ಶಂಕ್ರವ್ವ ಮರುದಿನ ಮೇಡಂ ಕೈಗೆ ಚಹಾ ಕೊಡುತ್ತಲೇ, "ನಿನ್ನೆ ಸರ್ ಬಂದಿದ್ರು, ನಿಮಗ ಹೇಳಬ್ಯಾಡ ಅಂದಾರ್ರಿ, ಮರತುಬಿಡ್ತೇನಂತ ಈಗ ಹೇಳಿಬಿಟ್ಟೆ" ಎಂದಳು. ಸರ್ ಹಾಕಿದ ಬೀಗದ ಪಕ್ಕದಲ್ಲಿ ಮೇಡಂ ಅವರ ಎರಡನೆಯ ಬೀಗವೂ ತಮ್ಮ ಕೊರಳಿಗೆ ಬಿದ್ದದ್ದು ಅಂದೇ ಸಂಜೆ. ಅದಕ್ಕಾಗಿ ಅವ್ವ ತಮ್ಮ ಕ್ಷಮೆ ಕೇಳಿದ್ದಾಳೆ.

ಎಂಟು ದಿನ ಕಾದು ನಾನೂ ಅವ್ವನೂ ಬಸ್ಸು ಹಿಡಿದು ತಾವಿರುವಲ್ಲಿಗೇ ಬಂದೆವು. ರೋಗ ಯಾವುದೆಂಬುದು ಸರ್ ಬರೆದ ಕಾಗದದಲ್ಲಿ, ಮದ್ದು ಯಾವುದೆಂಬುದು ಮೇಡಂ ಬರೆದ ಕಾಗದದಲ್ಲಿ, ಎರಡು ಕಾಗದವೂ ತಮ್ಮ ಹೊಟ್ಟೆಯಲ್ಲಿ, ಒಂದು ಬೀಗದ ಕೀಲಿಕೈ ಸರ್ ಹತ್ತಿರ, ಇನ್ನೊಂದರದು ಮೇಡಂ ಹತ್ತಿರ.

"ನನ್ನ ಸಂಶೋಧನೆ ಪೇಪರ್ ಅಚ್ಚಾಗೂತನಕ ಬಾಯಿ ಬಿಡಾಂಗಿಲ್ಲ ಯವ್ವಾ" ಎಂದರು ಸರ್.

"ಹಂಗಾದ್ರ ಅಲ್ಲಿತನಕ ಸಾಯಬ್ಯಾಡ ಅಂತ ಸಸಿಗೂ ಒಂದು ನೋಟೀಸ್ ಕೊಡ್ರಿ ಸರ್ರ" ಎಂದಳು ಅವ್ವ. ನಾನು ತಮ್ಮ ಹಿಂದೆ ಸರಿದು ನಿಂತೆ.

ಮೇಡಂ ಮಾತ್ರ ನಮ್ಮನ್ನು ಕೂಡಿಸಿ ನೀರು ಕೊಟ್ಟರು. "ಹೋದ ವರ್ಷ ಊಟದ ಹೊತ್ತಿನ್ಯಾಗ ಒಬ್ಬರಿಗೆ ನನ್ನ ಶೋಧ ಹೇಳಿದ್ದೆ ಯಕ್ಕಾ. ಅದು ಅವರ ಹೆಸರಿನ್ಯಾಗ ಅಚ್ಚಾತು. ಬಡ್ತಿನೂ ಅವರಿಗೇ ಆತು" ಎಂದರು. ಅವ್ವ ತನ್ನ ನೀರಿನ ಲೋಟವನ್ನು ಮೇಡಂ ಕಡೆಗೇ ಸರಿಸಿದಳು. ಒಬ್ಬರೇ ಬರೆದರೆ ಬಡ್ತಿಯ ಅಂಕ ಪೂರ್ತಿಯಂತೆ, ಇಬ್ಬರು ಬರೆದರೆ ಪಾಲಂತೆ, ಸುಮ್ಮನೆ ಹೇಳಿಕೊಟ್ಟರೆ ಸೊನ್ನೆಯಂತೆ. ಈ ನಿಯಮವನ್ನು ಕಂಡುಹಿಡಿದ ಮಹನೀಯರನ್ನೂ ತಾವು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳಬೇಕಾಗಿ ಪ್ರಾರ್ಥನೆ.

ನಮ್ಮಲ್ಲಿ ನಾಟಿಗೆ ಮುಯ್ಯಾಳು ಪದ್ಧತಿ ಇದೆ. ಇಂದು ನಾವು ನೆರೆಮನೆಯ ಹುಸೇನಸಾಬರ ಗದ್ದೆಗೆ, ನಾಳೆ ಅವರ ಮನೆಯವರು ನಮ್ಮ ಗದ್ದೆಗೆ. ಮಾತು ಬಿಟ್ಟವರೂ ಮುಯ್ಯಿ ತಪ್ಪಿಸುವುದಿಲ್ಲ. ಬೆನ್ನು ತಿರುಗಿಸಿಕೊಂಡೇ ನೆಟ್ಟು ಹೋಗುತ್ತಾರೆ, ಸಸಿಗೆ ಅದು ಗೊತ್ತಾಗುವುದಿಲ್ಲ. ಹಾಗೆಯೇ ಒಂದು ದಿನ ಸರ್ ಮೇಡಂ ಕಾಗದದಲ್ಲಿ, ಮರುದಿನ ಮೇಡಂ ಸರ್ ಕಾಗದದಲ್ಲಿ ದುಡಿಯುವಂತೆ ತಾವು ಅಪ್ಪಣೆ ಕೊಡಿಸಬೇಕು. ಅದಾಗದಿದ್ದರೆ ತಾವೇ ಹೊರಟು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ನಮ್ಮ ಗದ್ದೆಯ ಬದುವಿನ ಮೇಲೆ ಎರಡು ನಿಮಿಷ ಬಾಗಿಲು ತೆರೆದು ನಿಂತು ಹೋಗಬೇಕು. ತಮಗೆ ಸೀಟು ಹಿಡಿಯಲು ಟವೆಲ್ ಹಾಸಿಡುವಂತೆ ಕಂಡಕ್ಟರಿಗೆ ಹೇಳಿದ್ದೇನೆ.

ಕೀಲಿಕೈ ಇಲ್ಲದ ತಮ್ಮ ವಿಶ್ವಾಸಿ,
ಯಶೋಧರಾ, ಅಕ್ಕಿಆಲೂರು

ತಾ.ಕ.: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ಮೂರು ವಾರ ಕಳೆದವು. ತಾವು ಬರಲಿಲ್ಲ, ಅವ್ವ ಕಾಯಲಿಲ್ಲ. ಮಡಿಯ ನೀರು ಬಸಿದು ತನಗೆ ತೋಚಿದ್ದನ್ನು ಹಾಕಿದಳು. ಅರ್ಧ ಮಡಿ ಹಸಿರಾಯಿತು, ಕಡಿಮೆ ಬಿದ್ದ ಸಸಿಯನ್ನು ಹುಸೇನಸಾಬರು ಕೊಟ್ಟರು, ನಾಟಿ ಮುಗಿಯಿತು. ಏನು ಹಾಕಿದಳು, ಎಷ್ಟು ಹಾಕಿದಳು ಎಂಬುದನ್ನೆಲ್ಲ ಅವ್ವ ನಳದ ಹತ್ತಿರ ಇಡೀ ಓಣಿಗೆ ಹೇಳಿದ್ದಾಳೆ. ಈಗ ಸರ್, ಮೇಡಂ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಫೋನ್ ಮಾಡಿ ಅದನ್ನೇ ಕೇಳುತ್ತಿದ್ದಾರೆ. ಅವ್ವನ ಅಪ್ಪಣೆಯಂತೆ, ಏನು ಹಾಕಿದಳೆಂದು ಸರ್ ಅವರಿಗೆ ಬರೆದಿದ್ದೇನೆ. ಎಷ್ಟು ಹಾಕಿದಳೆಂಬುದನ್ನು ಮೇಡಂ ಅವರಿಗೆ ಬರೆದಿದ್ದೇನೆ.