ಶಾಮಿಯಾನದ ಯುನೂಸ್ ದಿಲ್ಲಿಗೆ ಹೊರಟದ್ದು

ಎಲ್ಲ ರಗಳೆಗೂ ಕಾರಣ ಒಂದು ಸಡಿಲ ಗಂಟು. ಹುಮನಾಬಾದ ಮೈದಾನದಲ್ಲಿ, ವೇದಿಕೆಯ ಬಲಗಡೆಯ ಗೂಟಕ್ಕೆ ಹಾಕಿದ್ದ ಆ ಗಂಟು ಯುನೂಸನ ಕಣ್ಣಿಗೆ ಮಾತ್ರ ಬಿತ್ತು.

ಬೀಳದೇ ಏನು? ಬಸವಕಲ್ಯಾಣದಲ್ಲಿ ಇಪ್ಪತ್ತು ವರ್ಷ ಶಾಮಿಯಾನ ಕಟ್ಟಿದ ಕೈ ಅವನದು. ಎಲ್ಲ ಪಕ್ಷದವರಿಗೂ ಕಟ್ಟಿ ಕಟ್ಟಿ, ಅವರ ಭಾಷಣ ಕೇಳಿ ಕೇಳಿ, ಇಷ್ಟನ್ನು ತಾನೂ ಮಾತಾಡಬಲ್ಲೆ ಅನ್ನಿಸಿತು. ಅಂಗಡಿಯನ್ನು ತನ್ನ ಕೈಕೆಳಗೆ ದುಡಿದಿದ್ದ ಅಕ್ರಮ್‌ಗೆ ಮಾರಿ ರಾಜಕೀಯಕ್ಕೆ ಇಳಿದ. ವಾರ್ಡು, ಜಿಲ್ಲೆ, ರಾಜ್ಯ ಎಂದು ಏರಿದ. ಇಂದು ದಿಲ್ಲಿಯಿಂದ ಬಂದ ಪಕ್ಷದ ಅಧ್ಯಕ್ಷರು ಅವನನ್ನು ರಾಷ್ಟ್ರೀಯ ಕಾರ್ಯದರ್ಶಿ ಎಂದು ಘೋಷಿಸುವವರಿದ್ದರು. ಹೆಸರು ಕೂಗಿದಾಗ ವೇದಿಕೆ ಮೇಲೆ ಇದ್ದರೆ ಸಾಕಿತ್ತು.

"ಏ ಅಕ್ರಮ್, ಆ ಗಂಟು ಸಡಿಲ ಆಗ್ಯಾದೋ!" ಇಂದಿನ ಶಾಮಿಯಾನ ಕಟ್ಟಿದವನೂ ಅಕ್ರಮ್‌ನೇ ಆದ್ದರಿಂದ ಯುನೂಸ್ ವೇದಿಕೆಯ ಕುರ್ಚಿಯಿಂದಲೇ ಕೂಗಿದ.

"ನೀವು ಲೀಡರ್ ಆಗ್ರಿ ಭಾಯಿ, ಗಂಟಿನ ಫಿಕರ್ ನನಗ ಬಿಡ್ರಿ," ಎಂದು ಅಕ್ರಮ್ ತನ್ನ ಆಳುಗಳನ್ನು ಕರೆದುಕೊಂಡು ಚಹಾಕ್ಕೆ ಹೋದ.

ಅಧ್ಯಕ್ಷರು ಮೈಕು ಹಿಡಿದರು, ಗಾಳಿಯೂ ಎದ್ದಿತು. ಶಾಮಿಯಾನ ಮೇವು ಹೆಚ್ಚಾದ ಎಮ್ಮೆಯ ಹೊಟ್ಟೆಯಂತೆ ಉಬ್ಬಿ, ಗಂಟು ಬಿಚ್ಚಿತು. ಯುನೂಸ್ ಕುರ್ಚಿಯಿಂದ ಜಿಗಿದು, ಇಸ್ತ್ರಿಯ ಬಿಳಿ ಕುರ್ತಾದಲ್ಲೇ ಮಣ್ಣಿನಲ್ಲಿ ಕೂತು ಹಗ್ಗಕ್ಕೆ ಜೋತುಬಿದ್ದ. ಮತ್ತೆ ಗಂಟು ಹಾಕಲು ಗಾಳಿ ಬಿಡಲೊಲ್ಲದು. ಬಿಟ್ಟರೆ ಅಧ್ಯಕ್ಷರ ತಲೆ ಹೋಗುತ್ತದೆ, ಹಿಡಿದರೆ ತನ್ನ ಪದವಿ ಹೋಗುತ್ತದೆ.

"ಯುನೂಸ್ ಭಾಯಿ ಎಲ್ಲಿದ್ದಾರೆ?" ಮೈಕು ಕೂಗಿತು.

"ಹೋಗ್ರಿ ಅಣ್ಣಾ, ನಾ ಹಿಡೀತೀನಿ!" ಪುರಸಭೆ ಸದಸ್ಯೆ ಸುಂದರಬಾಯಿ ಓಡಿಬಂದಳು. ಕೈಗೆ ಕೊಟ್ಟದ್ದೇ ತಡ, ಹಗ್ಗ ಅವಳನ್ನೇ ಎರಡು ಮಾರು ಎಳೆದೊಯ್ದಿತು. ಯುನೂಸ್ ಹಾರಿ ಹಿಡಿದ.

"ಯವ್ವಾ! ಇದು ನಿಮಗೇ ಇರಲಿ ಅಣ್ಣಾ."

ಎರಡನೇ ಸಲ ಕೂಗಿದರು. ಮೂರನೇ ಸಲ ಬೇರೆಯವರ ಹೆಸರು ಕೂಗಿದರು. ಚಪ್ಪಾಳೆ ಬಿತ್ತು. ಯುನೂಸನ ಕಣ್ಣಲ್ಲಿ ನೀರು ಬಂತು. ಧೂಳು ಬಿತ್ತೆಂದು ಸುಂದರಬಾಯಿಗೆ ಹೇಳಿದ.

ಗಾಳಿ ನಿಂತ ಮೇಲೆ ವಿಷಯ ತಿಳಿದು ಅಧ್ಯಕ್ಷರೇ ಕೆಳಗಿಳಿದು ಬಂದು ಅಪ್ಪಿಕೊಂಡರು. ವೇದಿಕೆ ಏರುವವರು ಸಾವಿರ, ಕಾಪಾಡುವವ ನೀನೊಬ್ಬ, ಇಂಥವನು ದೇಶಕ್ಕೆ ಬೇಕು ಎಂದು ಹಿಂದಿಯಲ್ಲಿ ಹೊಗಳಿದರು. ಅಲ್ಲೇ ನೇಮಕದ ಪತ್ರ ಬರೆಸಿ ಕೊಟ್ಟರು. ಯುನೂಸನಿಗೆ ಹೋದ ಜೀವ ಬಂದಂತಾಯಿತು. ಹಗ್ಗಕ್ಕೆ ಸುಲಿದ ಅಂಗೈಯಲ್ಲಿ ಪತ್ರ ಬಿಡಿಸಲಾಗದೆ ಸುಂದರಬಾಯಿಯ ಮುಂದೆ ಚಾಚಿದ.

"ಮುಬಾರಕ್ ಅಣ್ಣಾ, ರಾಷ್ಟ್ರೀಯ ಅಂತನೇ ಬರದಾರ್ರೀ!" ಎಂದು ಅವಳು ಓದತೊಡಗಿದಳು. "ರಾಷ್ಟ್ರೀಯ ಸಂಚಾಲಕ, ಶಾಮಿಯಾನ ವಿಭಾಗ. ಸೋಮವಾರ ಪಟ್ನಾದಾಗ ಸಭಾ ಅದ. ಹಗ್ಗ ನಿಮ್ಮದೇ ತರಬೇಕಂತ್ರಿ."